ಎರಡು ಲೈನಿನ ಕಾಲದ ಅಕ್ಕ

ಇಳಕಲ್ಲಿನಲ್ಲಿ ನನ್ನ ತಮ್ಮನ ಮಗ ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಹೋದ ತಿಂಗಳು ಅಲ್ಲಿ ಕೂತಿದ್ದಾಗ ನೆಟ್ ತೀರಾ ನಿಧಾನವಾಯಿತು. ಆತ ಕಪ್ಪು ಪರದೆಯೊಂದನ್ನು ತೆರೆದು ಏನೋ ಒಂದು ಸಾಲು ಟೈಪ್ ಮಾಡಿದ. ಬಿಳಿ ಅಂಕಿಗಳು ಓಡತೊಡಗಿದವು. “ಯಾವ ಮಷೀನು ಎಷ್ಟು ಲೈನ್ ತಿನ್ನಾಕತ್ತೈತಿ ಅಂತ ಇದ್ರಾಗ ಕಾಣತೈತಿ, ಅತ್ತಿ,” ಎಂದ. ಲೈನು ತುಂಬಿದೆಯೋ ಖಾಲಿಯಿದೆಯೋ ಎಂದು ಹೀಗೇ ಕಣ್ಣಿಟ್ಟು ಕೂರುತ್ತಿದ್ದ ಒಬ್ಬಳು ನೆನಪಾದಳು...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಪಕ್ಕದ ಕುರ್ಚಿಯಲ್ಲಿ ಬಾದಾಮಿ ಕಡೆಯ ಅಕ್ಕ. ನನಗಿಂತ ತುಸುವೇ ದೊಡ್ಡವಳು. ಬಾಗಲಕೋಟೆಗೆ ಇದ್ದವು ಎರಡೇ ಲೈನು. ಹೊರಗಿನ ಲೋಕದ ಮಾತೆಲ್ಲ ಅವುಗಳಲ್ಲೇ ಹೋಗಬೇಕು. ಊರಿನ ಸೀರೆ ವ್ಯಾಪಾರಿಗಳೆಲ್ಲ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ನನ್ನ ಅಪ್ಪನೂ ಅವರಲ್ಲೊಬ್ಬ. ಸೊಲ್ಲಾಪುರಕ್ಕೆ ನೂಲಿನ ದರ ಕೇಳಲು ಫೋನ್ ಎತ್ತುತ್ತಿದ್ದ. ನನ್ನ ದನಿ ಕೇಳಿದ ಕೂಡಲೇ, “ಆಕಿ ಅದಾಳೇನು? ಆಕಿಗೆ ಕೊಡು,” ಎನ್ನುತ್ತಿದ್ದ.

ಸ್ವಂತ ಅಪ್ಪ! ನಾನೂ ಅವೇ ಲೈನು ಕೇಳುತ್ತಿದ್ದೆ, ಅವೇ ವೈರು ಸಿಕ್ಕಿಸುತ್ತಿದ್ದೆ. ಆದರೂ ಬಾಗಲಕೋಟೆಯ ಆಪರೇಟರುಗಳು ಆಕೆಗೆ ಬೇಗ ಓಗೊಡುತ್ತಿದ್ದರು. ಆಕೆಯ ಜಡೆ, ಆಕೆಯ ನಗು, ಡಬ್ಬಿಯಿಂದ ಆಕೆ ನನ್ನ ತಟ್ಟೆಗೆ ಹಾಕುತ್ತಿದ್ದ ಶೇಂಗಾ ಚಟ್ನಿ ಕೂಡ ನನಗೆ ಸೇರುತ್ತಿರಲಿಲ್ಲ. ತಿನ್ನುತ್ತಿದ್ದೆ, ಅದು ಬೇರೆ ಮಾತು.

ಮೂರನೇ ಲೈನು ಬೇಕೋ ಬೇಡವೋ ನೋಡಲು ಒಬ್ಬ ಸಾಹೇಬರು ಬಂದರು. ಇರುವ ಲೈನುಗಳು ಎಷ್ಟು ಹೊತ್ತು ತುಂಬಿರುತ್ತವೆ ಎಂಬುದನ್ನು ಕೆಲವು ದಿನ ಒಬ್ಬರು ಕೂತು ಗಮನಿಸಬೇಕೆಂದರು. ಎದುರಿನ ದೀಪ ಉರಿದರೆ ಲೈನು ನಡೆದಿದೆ ಎಂದರ್ಥ. ಒಂದು ಗುಂಡಿ ಒತ್ತಿದರೆ ಅದರ ಮಾತೂ ಕೇಳುತ್ತಿತ್ತು. ನನಗೇ ಆ ಕುರ್ಚಿ ಕೊಡುತ್ತಾರೆಂದುಕೊಂಡಿದ್ದೆ. ಆಕೆಗೆ ಕೊಟ್ಟರು.

ಹಾಗೆ ಆಕೆ ಕೂತಿದ್ದ ಒಂದು ಮಧ್ಯಾಹ್ನ ದವಾಖಾನೆಯಿಂದ ಕರೆ ಬಂತು. ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ಬಾಗಲಕೋಟೆಯಿಂದ ರಕ್ತ ತರಿಸಬೇಕು, ಈಗಲೇ ಲೈನು ಬೇಕು. ಎರಡೂ ದೀಪ ಉರಿಯುತ್ತಿದ್ದವು. ಆಕೆ ಒಂದರಲ್ಲಿ ಕಿವಿಯಿಟ್ಟಳು: ಕಮತಗಿಯಲ್ಲಾದ ಒಂದು ಸಾವಿನ ಸುದ್ದಿಯನ್ನು ಯಾರೋ ಅಳುತ್ತ ಸತ್ತವರ ಮಗಳಿಗೆ ಮುಟ್ಟಿಸುತ್ತಿದ್ದರು. ಇನ್ನೊಂದರಲ್ಲಿ ನನ್ನ ಅಪ್ಪ ನೂಲಿನ ದರ ಕುದುರಿಸುತ್ತಿದ್ದ.

“ಕಾಕಾ, ಒಂದು ಜೀವದ ಸಲುವಾಗಿ ಲೈನ್ ಬೇಕಾಗೇತ್ರಿ. ಕಡೀತೇನಿ,” ಎಂದು ವೈರು ಎಳೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ರಕ್ತ ಜೀಪಿನಲ್ಲಿ ಬಂತು. ಬಾಣಂತಿ ಉಳಿದಳು. ಅಪ್ಪನ ವ್ಯವಹಾರ ಮಾತ್ರ ಕೆಟ್ಟಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನಾದರೂ ಅಪ್ಪ ಆಕೆಯನ್ನು ಬೈಯುತ್ತಾನೆಂದು ಸಂಜೆ ಓಡೋಡಿ ಮನೆಗೆ ಬಂದೆ. ಆತ ಕೈ ತೊಳೆದು ಊಟಕ್ಕೆ ಕೂತ. ಪಲ್ಯ ಬಡಿಸಿಕೊಳ್ಳುತ್ತ, “ಆಕಿ ಕಡದ್ಲು. ನೀ ಆಗಿದ್ರ ಕಡೀತಿರಲಿಲ್ಲ,” ಎಂದ.

ರೊಟ್ಟಿ ಮುರಿದ.

ಮೂರನೇ ಲೈನು ಬಂತು. ಆಕೆಗೆ ಬಡ್ತಿ ಸಿಕ್ಕಿ ಬಾಗಲಕೋಟೆಗೆ ವರ್ಗವಾಯಿತು. ಹೊರಟ ದಿನ ಅಪ್ಪ ಅಂಗಡಿಯ ಸೀರೆಗಳನ್ನೆಲ್ಲ ಕೆಡವಿ, ದಾಳಿಂಬೆ ಬಣ್ಣದ್ದೊಂದನ್ನು ತಾನೇ ಆರಿಸಿ ಆಕೆಯ ಕೈಗಿಟ್ಟ. ನನಗೆ ಎಂದೂ ಹಾಗೆ ಆರಿಸಿ ಕೊಟ್ಟವನಲ್ಲ. ಆಕೆ ನನ್ನನ್ನು ತಬ್ಬಿಕೊಂಡಾಗ ನನ್ನ ಕೈಗಳು ಮೇಲೇಳಲಿಲ್ಲ...

ಅಪ್ಪ ಹೋಗಿ ಬಹಳ ಕಾಲವಾಯಿತು. ಆಕೆ ಹೋದ ವರ್ಷ ತೀರಿಕೊಂಡಳು. ಸುದ್ದಿ ತಿಳಿದು ಬಾದಾಮಿಗೆ ಹೋದೆ. ಅಂಗಳ ತುಂಬ ಜನ. ಬೇವೂರಿನಿಂದ ಬಂದವರೊಬ್ಬರು, ಹುನಗುಂದದವರೊಬ್ಬರು, ಆಕೆ ತಮಗೆ ಎಂಥ ಹೊತ್ತಿನಲ್ಲಿ ಲೈನು ಕೊಡಿಸಿದಳೆಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿ ನಿಂತೂ ನನಗೆ ಹೊಟ್ಟೆಕಿಚ್ಚಾಯಿತು. ನನಗಾಗಿ ಇಷ್ಟು ಜನ ಬರುತ್ತಾರೆಯೇ ಎಂದು ಎಣಿಸತೊಡಗಿದ್ದೆ.

ಆಕೆಯ ಮಗಳು ನೀರು ಕೊಟ್ಟು, ನೀವು ಅವ್ವಗ ಏನಾಗಬೇಕ್ರಿ ಎಂದು ಕೇಳಿದಳು. ಒಂದೇ ಕಡೆ ನೌಕರಿ ಮಾಡುತ್ತಿದ್ದೆವು ಎಂದೆ. ‘ನೀ ಆಗಿದ್ರ ಕಡೀತಿರಲಿಲ್ಲ’ ಎಂಬ ಅಪ್ಪನ ಆ ಮಾತು ನನ್ನನ್ನು ಹೀಗಳೆದದ್ದೋ, ಮಗಳೆಂಬ ಮಮತೆಯಿಂದ ಆಡಿದ್ದೋ, ನನಗೆ ಇಂದಿಗೂ ತಿಳಿಯದು. ಅಂದು ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದಲ್ಲಿದ್ದವಳು ಆಕೆಯೊಬ್ಬಳೇ, ನಾನಾಗಿದ್ದರೆ ಕಡಿಯುತ್ತಿದ್ದೆನೇ ಎಂದು ಆಕೆಯನ್ನಾದರೂ ಕೇಳಬಹುದಿತ್ತು. ಅಷ್ಟು ವರ್ಷ ಬಾಗಲಕೋಟೆಯ ಲೈನು ನನ್ನ ಕೈಯಲ್ಲೇ ಇತ್ತು. ಒಮ್ಮೆಯೂ ಆಕೆಗೆ ಫೋನ್ ಮಾಡಲಿಲ್ಲ.