ಕಡೆಯ ದಿನದ ಸೂಟು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ಬೆಳಿಗ್ಗೆ ಯಾವ ಅಂಗಿ ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ನನಗೆ ಥಟ್ಟನೆ ಹೇಳಲು ಬರುವುದಿಲ್ಲ. ಸತ್ತ ದಿನ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಕಪ್ಪು ಉಣ್ಣೆಯ ಸೂಟು. ನಮ್ಮ ಮನೆಯ ಬೀರುವಿನ ಎಡಗಡೆ, ಹಳೆಯ ಬೆಡ್‌ಶೀಟಿನ ಮುಸುಕು ಹಾಕಿಕೊಂಡು, ಡಾಂಬರು ಗುಳಿಗೆಯ ವಾಸನೆಯಲ್ಲಿ ಅದು ಮೂವತ್ತೆಂಟು ವರ್ಷ ತೂಗುತ್ತಿತ್ತು.

ನನಗೆ ಗೊತ್ತಿರುವ ಕ್ರೈಸ್ತ ಮನೆಗಳಲ್ಲಿ ಇದು ಹೊಸದೇನಲ್ಲ. ಹೆಂಗಸರು ಮದುವೆಯ ಬಿಳಿ ಸೀರೆಯನ್ನು ಟ್ರಂಕಿನ ತಳದಲ್ಲಿ ಇಡುತ್ತಾರೆ, ಗಂಡಸರು ಮದುವೆಯ ಸೂಟನ್ನು. ಅದನ್ನೇ ಹಾಕಿ ಮಣ್ಣು ಮಾಡಲಿ ಎಂಬುದು ಹಿರಿಯರ ಆಸೆ. ಬಳ್ಳಾರಿಯ ಬಿಸಿಲಿಗೂ ಉಣ್ಣೆಯ ಸೂಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಯೋಚಿಸಿದ್ದೇನೆ. ಮದರಾಸಿನ ಆಡಳಿತದ ಕಾಲದಲ್ಲಿ ಬಂದ ಬಿಳಿಯ ಪಾದ್ರಿಗಳು ತಮ್ಮ ಚಳಿಯ ದೇಶದಿಂದ ಸುವಾರ್ತೆಯ ಜೊತೆ ಕೋಟನ್ನೂ ತಂದರು. ಹೋಗುವಾಗ ಸುವಾರ್ತೆಯನ್ನು ಬಿಟ್ಟುಹೋದರು, ಸಂತೋಷ. ಕೋಟನ್ನಾದರೂ ತೆಗೆದುಕೊಂಡು ಹೋಗಬಹುದಿತ್ತು. ಮೇ ತಿಂಗಳಲ್ಲಿ ಮದುವೆಯಾದ ನಾನು ಬೆವರಿದ್ದನ್ನು ನೋಡಿ ಹೆಣ್ಣಿನ ಕಡೆಯವರು ಹುಡುಗ ಬಹಳ ಹೆದರಿದ್ದಾನೆ ಎಂದುಕೊಂಡಿದ್ದರಂತೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರನಾಗಿದ್ದು ನಿವೃತ್ತನಾದವನು. ಮೂರು ವರ್ಷದ ಹಿಂದೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಐದು ದಿನ ಮಲಗಿ ಬಂದೆ. ಮರು ಭಾನುವಾರವೇ ನಮ್ಮ ಚರ್ಚಿನ ಪಾದ್ರಿ ಅಯ್ಯನವರು, ಆಯುಷ್ಯವೆಂದರೆ ಬೆಳಗಿನ ಮಂಜು ಎಂದು ಪ್ರಸಂಗ ಮಾಡಿದರು. ಬಳ್ಳಾರಿಯವರಿಗೆ ಮಂಜು ಎಲ್ಲಿ ಗೊತ್ತು? ಲಾರಿ ಹೋದಮೇಲೆ ಏಳುವ ಧೂಳು ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಆದರೂ ಮಾತು ನನಗೆ ನಾಟಿತು. ಇನ್ನು ಮುಂದೆ ನಿತ್ಯತ್ವವನ್ನು ಕಣ್ಣ ಮುಂದೆ ಇಟ್ಟುಕೊಂಡು ಬಾಳಬೇಕೆಂದು ನಿಶ್ಚಯಿಸಿ, ಮನೆಗೆ ಬಂದವನೇ ಮಾಡಿದ ಮೊದಲ ಕೆಲಸ ಸೂಟು ಹಾಕಿಕೊಂಡು ನೋಡಿದ್ದು. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರವಿತ್ತು.

ಅದನ್ನು ಹೊಲಿದವನು ಕೌಲ್ ಬಜಾರಿನ ಬಾಷಾ ಭಾಯಿ. ಸುತ್ತ ಎಲ್ಲರೂ ಜೀನ್ಸ್ ಹೊಲಿಯಲು ತೊಡಗಿದ ಮೇಲೂ ಕೋಟು ಬಿಡದ ಮನುಷ್ಯ. ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅಗಲ ಮಾಡಿಕೊಟ್ಟ. ಆರು ತಿಂಗಳಿಗೆ ಮತ್ತೆ ಹೋದೆ, ಮತ್ತೆ ಮಾಡಿಕೊಟ್ಟ. ಮೂರನೇ ಸಲ ಹೋದಾಗ ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಸಾಹೇಬ್ರ, ಇದು ಯಾವಾಗಿಗೆ ಬೇಕು?” ಎಂದ. ನಾನು ಇದ್ದ ವಿಷಯ ಹೇಳಿದೆ.

“ಅದಕ್ಕ ಅಳತಿ ಯಾಕ್ರೀ? ಹಿಂದ ಕತ್ತರಿ ಹಾಕಿ ಮ್ಯಾಲಿಂದ ಹೊದಸ್ತಾರ, ಯಾರಿಗೂ ಕಾಣಂಗಿಲ್ಲ. ಅಳತಿ ಬೇಕಾಗಾದು ತಿರುಗಾಡೋರಿಗಿ.”

ನನಗೆ ಸಿಟ್ಟು ಬಂತು. ನನ್ನ ಭಕ್ತಿಗೆ ಅವನು ಕತ್ತರಿ ಹಾಕಿದಂತಾಯಿತು. ಸೂಟು ಹಿಡಿದುಕೊಂಡು ಬಿರಬಿರನೆ ಮನೆಗೆ ಬಂದುಬಿಟ್ಟೆ.

ಬಸ್ಸಿನಲ್ಲಿ ಒಂದು ಜಾತಿಯ ಪ್ರಯಾಣಿಕರಿರುತ್ತಾರೆ, ನೀವೂ ನೋಡಿರುತ್ತೀರಿ. ಬಳ್ಳಾರಿಗೆ ಟಿಕೆಟ್ ತೆಗೆದುಕೊಂಡು, ಊರು ಇನ್ನೂ ದೂರವಿರುವಾಗ ಕೊಳಗಲ್ಲಿನಲ್ಲೇ ಎದ್ದು, ಚೀಲ ಕಂಕುಳಲ್ಲಿ ಹಿಡಿದು ಬಾಗಿಲಿಗೆ ನಿಂತುಬಿಡುತ್ತಾರೆ. ಕೂರುವುದಿಲ್ಲ, ಇಳಿಯುವುದಿಲ್ಲ, ಹತ್ತುವವರಿಗೆ ದಾರಿ ಬಿಡುವುದಿಲ್ಲ. ಅವರ ಮೇಲೆ ನಾನು ಜೀವಮಾನವಿಡೀ ರೇಗಿದ್ದೇನೆ. ಈಗ ನಾನೇ ಹಾಗಾಗಿದ್ದೆ, ನನಗೆ ಮಾತ್ರ ಗೊತ್ತಾಗಿರಲಿಲ್ಲ. ಮದುವೆಗಳಿಗೆ ಕರೆದರೆ ಹೋಗುತ್ತಿರಲಿಲ್ಲ, ಊರಿಗೆ ಕರೆದರೆ ‘ಇನ್ನೇನು ನಮ್ಮದು’ ಎನ್ನುತ್ತಿದ್ದೆ. ನನ್ನ ಹೆಂಡತಿ ಸುಗುಣಾ ಎರಡು ವರ್ಷದಿಂದ ಎಲ್ಲ ಕಡೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಹೋದ ಮೇ ತಿಂಗಳ ಒಂದು ಮಂಗಳವಾರ ಅವಳ ಚಿಕ್ಕಮ್ಮನ ಮಗಳು ಮಾರ್ಥಮ್ಮ ಕುರುಗೋಡಿನಿಂದ ಅಳುಮುಖ ಮಾಡಿಕೊಂಡು ಬಂದಳು. ಅವಳ ಮಗ ಯೋಹಾನ, ಟ್ರ್ಯಾಕ್ಟರ್ ಓಡಿಸುವ, ನನ್ನಷ್ಟೇ ಎತ್ತರದ ಹುಡುಗ. ಗುರುವಾರ ಸಿರುಗುಪ್ಪದಲ್ಲಿ ಅವನ ಮದುವೆ. ಬಾಡಿಗೆಗೆ ತಂದ ಸೂಟಿನ ತೋಳು ಅವನ ಮೊಳಕೈಗೇ ನಿಂತಿತ್ತು. ಮದುವೆಯ ಕಾಲ, ಅಂಗಡಿಯಲ್ಲಿ ಬೇರೆ ಯಾವುದೂ ಉಳಿದಿರಲಿಲ್ಲ.

“ಬಾವ, ನಿಮ್ಮದೊಂದು ಸೂಟ್ ಐತಂತಲ್ಲ?” ಎಂದಳು.

ನಾನು ಬೀರುವಿನ ಕಡೆ ನೋಡಿದೆ. ಇವತ್ತು ಕೊಟ್ಟರೆ ಬರುವುದು ಯಾವಾಗಲೋ. ಅಷ್ಟರಲ್ಲಿ ಕರ್ತನ ಕರೆ ಬಂದರೆ? ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? “ಅದು ಬ್ಯಾರೆ ಕೆಲಸಕ್ಕ ಇಟ್ಟಿದ್ದೈತಿ” ಎಂದೆ.

“ಯಾ ಕೆಲಸಕ್ಕ?”

ಅಡುಗೆಮನೆಯಿಂದ ಸುಗುಣಾ ಹೇಳಿದಳು: “ಅವರನ್ನ ಮಣ್ಣು ಮಾಡಾಕ.”

ಮಾರ್ಥಮ್ಮ ಅಪಶಕುನವೆಂದು ಹೌಹಾರುತ್ತಾಳೆ, ಸೂಟು ಉಳಿಯುತ್ತದೆ ಎಂದು ನಾನು ಎಣಿಸಿದ್ದೆ. ಅವಳ ಮುಖ ಅರಳಿತು. “ಅಷ್ಟೇನಾ? ಭಾನುವಾರದೊಳಗ ತಂದು ಕೊಡ್ತೀವಿ ಬಾವ. ಅಲ್ಲೀತನಕ ಸ್ವಲ್ಪ ತಡಕೊಳ್ರಿ.”

ಬೀರು ತೆಗೆದು ಸೂಟನ್ನು ಕೊಟ್ಟೆ. ಬಾಷಾ ಭಾಯಿ ನನಗಾಗಿ ಬಿಚ್ಚಿದ್ದನ್ನೆಲ್ಲ ಯೋಹಾನನಿಗಾಗಿ ಮತ್ತೆ ಒಳಕ್ಕೆ ಹಿಡಿದು ಹೊಲಿದ. ಬೀರುವಿನಲ್ಲಿ ಖಾಲಿ ಹ್ಯಾಂಗರು ತೂಗುತ್ತಿತ್ತು; ಸೂಟು ವಾಪಸು ಬರುವತನಕ ಸಾಯುವಂತಿರಲಿಲ್ಲ. ಆ ಎರಡು ದಿನ ಸಿಗ್ನಲ್ ಹಸಿರಾದರೂ ನಾನು ರಸ್ತೆ ದಾಟಲಿಲ್ಲ. ಗುರುವಾರ ಬೆಳಿಗ್ಗೆ ಸುಗುಣಾ ಹೊರಟು ನಿಂತಾಗ, “ನಾನೂ ಬರ್ತೀನಿ” ಎಂದೆ. ಹುಡುಗನನ್ನು ಹರಸುವುದಕ್ಕೆ ಎಂದರೆ ಸುಳ್ಳಾಗುತ್ತದೆ. ಸೂಟನ್ನು ಕಾಯುವುದಕ್ಕೆ ಹೋದೆ. ಅವಳು ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು.

ಚರ್ಚಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗಿನ ಹಾಡು. ನಮಗೆ ಬೆನ್ನು ಮಾಡಿ ಎದುರಿಗೆ ನಿಂತಿದ್ದ ಯೋಹಾನನ ಕೋಟಿನ ಮೇಲೆ, ಬೆನ್ನಿನ ನಡುವೆ, ಬೆವರಿನ ಕಲೆ ಹರಡುತ್ತಿತ್ತು. ನಾನು ಬೆವರಿದ್ದ ಜಾಗವೇ ಅದು. ಸುಗುಣಾ ಕಿವಿಯ ಹತ್ತಿರ ಬಂದು, “ಹಿಂದಿಂದ ನೋಡಿದ್ರ ನೀವ ನಿಂತಂಗ ಕಾಣ್ತದ” ಎಂದಳು. ಆ ಸೂಟು ಬೀರುವಿನಲ್ಲಿ ತೂಗುತ್ತಿದ್ದ ಅಷ್ಟೂ ವರ್ಷ ನನಗೆ ಅನ್ನ ಸಿಕ್ಕಿತ್ತು, ಕೆಲಸ ಸಿಕ್ಕಿತ್ತು, ನಡುಗುತ್ತಿದ್ದ ಎದೆಗೆ ಮತ್ತೆ ಎರಡು ವರ್ಷ ಸಿಕ್ಕಿತ್ತು, ಪಕ್ಕದಲ್ಲಿ ಇವಳಿದ್ದಳು. ನಾನು ಇದ್ಯಾವುದಕ್ಕೂ ದೇವರಿಗೆ ಸ್ತೋತ್ರ ಹೇಳದೆ, ಬಸ್ಸಿನ ಆ ಪ್ರಯಾಣಿಕರ ಹಾಗೆ ಬಾಗಿಲಲ್ಲಿ ನಿಂತಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದೆ, ಕಣ್ಣು ಒರೆಸಿಕೊಂಡೆ. ಊಟಕ್ಕೆ ಎರಡು ಸಲ ಬಡಿಸಿಕೊಂಡೆ. ಅದನ್ನು ಡಾಕ್ಟರಿಗೆ ಹೇಳಬೇಡಿ.

ಸೂಟು ಮಾತಿನಂತೆ ಭಾನುವಾರ ಬಂತು, ಕಾಲರಿನ ಮೇಲೆ ಬಿರಿಯಾನಿಯ ಎಣ್ಣೆಯೊಂದಿಗೆ. ಆದರೆ ನಮ್ಮಲ್ಲಿ ಎರವಲಿಗೆ ಸೂಟು ಸಿಗುತ್ತದೆಂಬ ಸುದ್ದಿ ಅದಕ್ಕಿಂತ ಮೊದಲೇ ಹೊರಟಿತ್ತು. ಆಮೇಲೆ ಸೂಟು ನಾಲ್ಕು ಮದುವೆ ಮಾಡಿ, ಈಗ ಐದನೆಯದಕ್ಕೆಂದು ಮೋಕ ಎಂಬ ಊರಿಗೆ ಹೋಗಿದೆ. ಬಾಷಾ ಭಾಯಿ ಈಗ ನನ್ನನ್ನು ಕಂಡರೆ ಸೂಟಿನ ಆರೋಗ್ಯ ವಿಚಾರಿಸುತ್ತಾನೆ, ನನ್ನದನ್ನಲ್ಲ.

ಮೊನ್ನೆ ಊಟವಾದ ಮೇಲೆ ಎದೆ ಹಿಡಿದಂತಾಯಿತು. ಸುಗುಣಾ ಗುಳಿಗೆ ಕೊಟ್ಟು ಬೆನ್ನು ನೀವಿದಳು. ಅವಳ ಬಾಯಿ ಮಾತ್ರ ಎಂದಿನಂತೆಯೇ ಇತ್ತು: “ತಡಕೊಳ್ರಿ, ಸೂಟ್ ಮೋಕದಾಗ ಐತಿ.” ಇಬ್ಬರಿಗೂ ನಗು ಬಂತು, ನಗುತ್ತಲೇ ನೋವು ಇಳಿಯಿತು. ಬರೀ ಗ್ಯಾಸು ಇದ್ದಿರಬೇಕು. ಆದರೆ ಆ ಗಳಿಗೆಯಲ್ಲಿ ನನಗೆ ಖಾಲಿ ಹ್ಯಾಂಗರಿನ ಚಿಂತೆ ಬರಲಿಲ್ಲ ಎಂಬುದು ನನಗೇ ಆಶ್ಚರ್ಯ. ಕರೆ ಬಂದ ದಿನ ಸೂಟು ಯಾವ ಊರಿನಲ್ಲಿರುತ್ತದೋ, ಇರಲಿ. ಲುಂಗಿಯಲ್ಲಿದ್ದರೆ ಲುಂಗಿಯಲ್ಲೇ ಹೋದೇನು. ಕರೆಯುವವನು ನನ್ನನ್ನು ಮೊದಲ ಸಲ ನೋಡಿದ್ದು ಬರಿಮೈಯಲ್ಲೇ ಅಲ್ಲವೇ?

ನಾಳೆ ಮೋಕದಲ್ಲಿ ಮದುವೆ. ನಾವಿಬ್ಬರೂ ಹೋಗುತ್ತಿದ್ದೇವೆ. ಏನು ಹಾಕಿಕೊಳ್ಳಬೇಕೋ, ನನಗಿನ್ನೂ ತೋಚಿಲ್ಲ.