ತೋಳೆತ್ತುವ ಮುನ್ನ ಒಂದು ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃದ್ಧಾಶ್ರಮದ ಮೂಲೆಯ ಕೋಣೆಯಲ್ಲಿ ಆಯಾ ಬಿಸಿನೀರಿನ ಬೇಸಿನ್ ಕೆಳಗಿಟ್ಟು, ಹಾಸಿಗೆ ಹಿಡಿದ ಅಜ್ಜಿಯ ಕಣ್ಣಿಗೆ ಕಾಣುವಂತೆ ಬಗ್ಗುತ್ತಾರೆ. "ಕ್ಯೋನ್ಟೆನ್ ಜೀ ಬಿಟ್ಟೆ ಡೆನ್ ಆರ್ಮ್ ಹೇಬೆನ್?" ದಯವಿಟ್ಟು ತೋಳು ಎತ್ತುತ್ತೀರಾ ಎಂದು ಜರ್ಮನ್ನಿನಲ್ಲಿ ಕೇಳುವ ಬಗೆ ಇದು. ಎತ್ತು ಎಂಬ ಅರ್ಥದ 'ಹೇಬೆನ್' ನಮ್ಮ ಕನ್ನಡದಲ್ಲಿಯಂತೆಯೇ ಕಟ್ಟಕಡೆಗೆ ಬರುತ್ತದೆ. ಅದು ಬರುವವರೆಗೆ ಅಜ್ಜಿ ಸುಮ್ಮನೆ ಕಾಯುತ್ತಾರೆ, ಬಂದ ಮೇಲೆ ನಿಧಾನಕ್ಕೆ ತೋಳೆತ್ತುತ್ತಾರೆ. ಒದ್ದೆ ಬಟ್ಟೆ ಮೈ ಮುಟ್ಟುವುದು ಆಮೇಲೆಯೇ.

ಅಜ್ಜಿ ಹುಟ್ಟಿದ್ದು ಜರ್ಮನಿಯಲ್ಲಿ. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಉಳಿದ ಭಾಷೆಗಳೆಲ್ಲ ಅಳಿಸಿಹೋಗಿ, ಹುಟ್ಟಿದ ಮನೆಯ ಜರ್ಮನ್ ಒಂದೇ ನಿಂತಿದೆ. ಶುರುವಿನಲ್ಲಿ ಯಾರು ಮುಟ್ಟಿದರೂ ಕಿರುಚಾಟ. ಆಯಾ ಮೊಬೈಲ್ ನೋಡಿ ನಾಲ್ಕು ಮಾತು ಕಲಿತು ಬಂದು "ಹೇಬೆನ್ ಜೀ ಡೆನ್ ಆರ್ಮ್!", ತೋಳೆತ್ತಿ, ಎಂದರೆ ಅಜ್ಜಿ ತೋಳನ್ನು ಎದೆಗವಚಿಕೊಂಡು ಗೋಡೆಗೆ ತಿರುಗಿದರಂತೆ.

"ನಾನೇನೋ ಘನಂದಾರಿ ಕೆಲಸ ಮಾಡಿದೆ ಅಂದ್ಕೊಂಡಿದ್ದೆ," ಎಂದು ಆಯಾ ನಗುತ್ತಾರೆ. "ಎದುರು ಕೋಣೆಯ ಮೇಷ್ಟ್ರು ಹಿಂದೆ ಜರ್ಮನ್ ಪಾಠ ಹೇಳ್ತಿದ್ದವರು. ಅವರು ಬೈದ್ರು: 'ಏನಮ್ಮ, ಎತ್ತು ಅನ್ನೋದನ್ನ ಮುಂದಿಟ್ಕೊಂಡು ಹೋದ್ರೆ ಪೊಲೀಸ್ನೋರ ಥರ ಕೇಳಿಸುತ್ತೆ. ಆಗುತ್ತಾ ಅಂತ ಮೊದಲು ಕೇಳು, ಎತ್ತೋದನ್ನ ಕೊನೆಗಿಡು.'"

ಅಂದಿನಿಂದ ಬಾಯಿ ತೆರೆಸಲು, ಮಗ್ಗುಲು ಬದಲಿಸಲು, ಮಾತ್ರೆ ನುಂಗಿಸಲು, ಎಲ್ಲಕ್ಕೂ ಕೇಳಿಕೊಂಡೇ ಕೆಲಸ. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ಇವರಿಗೆ ಒಂದು ಗಂಟೆ ಬೇಕು. "ಮಹಾರಾಣಿ ಸೇವೆ ಮುಗೀತಾ?" ಎಂದು ಜೊತೆಯವರ ಗೇಲಿ, ಮೇಲ್ವಿಚಾರಕಿಯ ಗೊಣಗಾಟ ಬೇರೆ. ಇವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ.

ಆಯಾಗೆ ತಾಯಿಯ ಮುಖ ನೆನಪಿಲ್ಲ. ಚಿಕ್ಕಮ್ಮನ ಮನೆಯಲ್ಲಿ "ತಾ, ಎತ್ತು, ತೊಳಿ" ಎಂಬುದನ್ನೇ ಕೇಳುತ್ತ ಬೆಳೆದವರು. "ಆಗುತ್ತೇನಮ್ಮ ಅಂತ ನನ್ನನ್ನ ಯಾರೂ ಕೇಳಿದ್ದೇ ಇಲ್ಲ. ಅಜ್ಜಿ ಮೈ ಒರೆಸಿದ ಮೇಲೆ ನನ್ನ ಕೆನ್ನೆ ಸವರಿ 'ಡಾಂಕೆ' ಅಂತಾರೆ, ಅಂದ್ರೆ ಥ್ಯಾಂಕ್ಸು. ಅಮ್ಮ ಇದ್ದಿದ್ರೆ ಹೀಗೇ ಸವರ್ತಿದ್ಲೇನೋ."

ಹೋದ ವಾರ ನೋಡಲು ಬಂದಿದ್ದ ಅಜ್ಜಿಯ ತಂಗಿ ಈ ಭಾನುವಾರ ಅಕ್ಕನನ್ನು ತಮ್ಮ ಮನೆಗೆ ಕರೆದೊಯ್ಯಬೇಕೆಂದಿದ್ದಾರೆ. ಅಲ್ಲಿ ದಿನವಿಡೀ ಜರ್ಮನ್ ಮಾತಾಡುವವರಿದ್ದಾರೆ. ಬರುತ್ತೀಯಾ ಎಂದು ತಂಗಿ ಕೇಳಿದಾಗ ಅಜ್ಜಿ ಹೂಂ ಅನ್ನಲಿಲ್ಲ, ಆಯಾ ಅವರ ಮುಖ ನೋಡಿದರಂತೆ. ಅಜ್ಜಿಗೆ ಒಳ್ಳೆಯದೇ ಆಯಿತು ಎಂದು ಆಯಾ ತಮಗೆ ತಾವೇ ಹೇಳಿಕೊಳ್ಳುತ್ತ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಾರೆ.

ಮೊನ್ನೆ ಮೇಷ್ಟ್ರ ಹತ್ತಿರ ಅವರು ಇನ್ನೊಂದು ಮಾತು ಕಲಿತಿದ್ದಾರೆ. "ಕ್ಯೋನ್ಟೆನ್ ಜೀ ಬಿಟ್ಟೆ ಬ್ಲೈಬೆನ್?" ದಯವಿಟ್ಟು ಇಲ್ಲೇ ಉಳಿಯುತ್ತೀರಾ?

ಅಜ್ಜಿಯನ್ನು ಹೀಗೆ ಕೇಳಿದಿರಾ ಎಂದು ನಾನು ವಿಚಾರಿಸಿದರೆ ಬೇಸಿನ್ ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

"ಇಲ್ಲ. ನಾನು ಕೇಳಿದ್ರೆ ಅಜ್ಜಿ ಉಳಿದೇಬಿಡ್ತಾರೆ. ಅದಕ್ಕೇ ಕೇಳಲ್ಲ."