ದರ್ಜೆ ಪ್ರಕಾರ ಪೋಸ್ಟರ್

ಫರೀದಾಬಾದಿನ ನಮ್ಮ ಕನ್ನಡ ಸಂಘದ ನಾಟಕಕ್ಕೆ ನಾನು ಮಾಡಿದ ಪೋಸ್ಟರಿನಲ್ಲಿ ನಾಟಕದ ಹೆಸರು ದೊಡ್ಡದಾಗಿತ್ತು, ಅದರ ಕೆಳಗೇ ದಿನ, ಸಮಯ, ಸ್ಥಳ. ದಾರಿಯಲ್ಲಿ ಹೋಗುವವರಿಗೆ ಇನ್ನೇನು ಬೇಕು?

ಅಧ್ಯಕ್ಷರಿಗೆ ಬೇಕಿತ್ತು. "ಪದಾಧಿಕಾರಿಗಳ ಫೋಟೊ ಎಲ್ರೀ? ನಾನು ಸೆಂಟ್ರಲ್ ಗವರ್ನಮೆಂಟಲ್ಲಿ ಜಾಯಿಂಟ್ ಸೆಕ್ರೆಟರಿ, ನಮ್ಮ ಖಜಾಂಚಿ ಬರೀ ಅಂಡರ್ ಸೆಕ್ರೆಟರಿ. ನನ್ನ ಫೋಟೊ ಅವರದಕ್ಕಿಂತ ದೊಡ್ಡದಿರಬೇಕು, ಅಚ್ಛಾ?"

ಇವರ ಮುಖ ನೋಡಿಕೊಂಡು ಯಾರಾದರೂ ನಾಟಕಕ್ಕೆ ಬರುತ್ತಾರೆಯೇ? ಹಲ್ಲು ಕಚ್ಚಿಕೊಂಡು ಮುಖಗಳನ್ನೆಲ್ಲ ಹುದ್ದೆಯ ಪ್ರಕಾರ ಜೋಡಿಸಿದೆ. ದಿನ, ಸಮಯ ಇರುವೆ ಸಾಲಿನಂತೆ ತಳ ಸೇರಿದವು.

ನಾಟಕದ ದಿನ ಮಧ್ಯಾಹ್ನ ಅಧ್ಯಕ್ಷರದೇ ಫೋನು. "ನಾಟಕ ಎಷ್ಟು ಗಂಟೆಗೆ? ಪೋಸ್ಟರಲ್ಲಿ ಟೈಮೇ ಹಾಕಿಲ್ವಲ್ರೀ!"

"ಹಾಕಿದೀನಿ ಸಾರ್. ಟೈಮಿಂದು ಅಂಡರ್ ಸೆಕ್ರೆಟರಿಗಿಂತ ಕೆಳಗಿನ ದರ್ಜೆ. ಬಗ್ಗಿ ನೋಡಿ."